ಮತದಾನವೂ ಒಂದು ಕಾಯಕ: ಉಡುಪಿ ಸೀಮೆಯ ಚರಿತ್ರೆಯ ಬೆಳಕಿನಲ್ಲಿ

ಶರಣ ಆಯ್ದಕ್ಕಿ ಮಾರಯ್ಯನವರದು ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕ. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಮಡದಿ ಲಕ್ಕಮ್ಮನವರು ಅದನ್ನು ಒಪ್ಪದೆ, ಹೆಚ್ಚಿನದನ್ನು ತಂದ ಠಾವಿನಲ್ಲೇ ಸುರಿದು ಬರುವಂತೆ ಹೇಳಿದರೆಂಬುದು ಶರಣಚರಿತ್ರೆಯಲ್ಲಿ ಪ್ರಸಿದ್ಧವಾದ ಪ್ರಸಂಗ. ಕಾಯಕವನ್ನು ತಾನೇ ಮಾಡಬೇಕು, ಮತ್ತೊಬ್ಬರಿಂದ ಮಾಡಿಸಲಾಗದು. ಅದರಿಂದ ಸಲ್ಲಬೇಕಾದುದಕ್ಕಿಂತ ಹೆಚ್ಚನ್ನು ಬಯಸಲಾಗದು. ಈ ಎರಡು ತತ್ತ್ವಗಳೂ ಆ ದಂಪತಿಗಳ ಬಾಳಿನಲ್ಲಿ ಅಡಗಿವೆ.

ಮತ ಚಲಾಯಿಸುವುದು ಇಂತಹ ಕಾಯಕವೇ? ಸಂವಿಧಾನದ 326ನೆಯ ವಿಧಿ ವಯಸ್ಕರೆಲ್ಲರಿಗೂ ಮತಾಧಿಕಾರ ನೀಡಿದೆ. ಆದರೆ 51ಎ ವಿಧಿಯ ಮೂಲಭೂತ ಕರ್ತವ್ಯಗಳ ಪಟ್ಟಿಯಲ್ಲಿ ಮತದಾನ ಸೇರಿಲ್ಲ. ಆಸ್ಟ್ರೇಲಿಯಾ 1924ರಲ್ಲೇ ಸಂಸತ್ತಿನ ಚುನಾವಣೆಗೆ ಮತದಾನವನ್ನು ಕಡ್ಡಾಯಗೊಳಿಸಿ, ತಪ್ಪಿದವರಿಗೆ ದಂಡ ವಿಧಿಸುವ ದಾರಿ ಹಿಡಿಯಿತು. ನಮ್ಮಲ್ಲಿ ಲೋಕಸಭೆಗಾಗಲಿ ವಿಧಾನಸಭೆಗಾಗಲಿ ಮತ ಹಾಕದವರಿಗೆ ದಂಡವಿಲ್ಲ. ದಂಡದ ಭಯದಿಂದ ಮಾಡಿದುದು ಕಾಯಕವಾಗದೆಂಬುದೂ ನಿಜ. ಆದುದರಿಂದ ಈ ಪ್ರಶ್ನೆಗೆ ಉತ್ತರವನ್ನು ಕಾನೂನಿನಲ್ಲಿ ಹುಡುಕುವುದಕ್ಕಿಂತ ನೆಲದ ಚರಿತ್ರೆಯಲ್ಲಿ ಹುಡುಕುವುದು ಲೇಸು. ಅದಕ್ಕೆ ಉಡುಪಿ, ಕಾಪು, ಕಾರ್ಕಳಗಳ ಸೀಮೆ ಒಳ್ಳೆಯ ನಿದರ್ಶನ.

ಈ ಸೀಮೆ 1956ರ ನವೆಂಬರ್ 1ರವರೆಗೆ ಮದರಾಸಿಗೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಬ್ರಿಟಿಷರ ಆಳ್ವಿಕೆಯಲ್ಲಿ ಮತಾಧಿಕಾರವು ಆಸ್ತಿ, ತೆರಿಗೆ, ವಿದ್ಯೆಗಳುಳ್ಳ ಕೆಲವರಿಗಷ್ಟೇ ಮೀಸಲಾಗಿತ್ತು. ಹೊಲ ಧಣಿಗಳದು, ದುಡಿಮೆ ಒಕ್ಕಲಿನದು. ಮೂಲಗೇಣಿದಾರರಿಗೆ ಭೂಮಿಯ ಮೇಲೆ ಶಾಶ್ವತವಾದ ಹಕ್ಕಾದರೂ ಇತ್ತು. ಚಾಲಗೇಣಿಯ ಒಕ್ಕಲನ್ನು ಧಣಿ ಮನಸ್ಸು ಮಾಡಿದರೆ ಎಬ್ಬಿಸಬಹುದಾಗಿತ್ತು. ಬೆಳೆದ ಅಕ್ಕಿ ಮುಡಿಮುಡಿಯಾಗಿ ಗೇಣಿಯ ರೂಪದಲ್ಲಿ ಧಣಿಯ ಮನೆ ಸೇರುತ್ತಿತ್ತು.

1951-52ರ ಪ್ರಥಮ ಮಹಾಚುನಾವಣೆಯಲ್ಲಿ ಧಣಿಗೂ ಒಂದೇ ಮತ, ಒಕ್ಕಲಿಗೂ ಒಂದೇ ಮತವಾಯಿತು. ಆಗ ಪ್ರತಿಯೊಬ್ಬ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಪ್ರತ್ಯೇಕ ಪೆಟ್ಟಿಗೆ ಇರುತ್ತಿತ್ತು. ಮತದಾರನು ಮರೆಯಲ್ಲಿ ನಿಂತು ತನಗೆ ಬೇಕಾದ ಪೆಟ್ಟಿಗೆಯೊಳಗೆ ಚೀಟಿ ಹಾಕುತ್ತಿದ್ದನು. ಅಕ್ಷರ ಬಾರದವನಿಗೂ ಚಿತ್ರ ತಿಳಿಯುತ್ತಿತ್ತು. ಅಂಗಳದಲ್ಲಿ ಧಣಿಯ ಮುಂದೆ ತಲೆ ತಗ್ಗಿಸಿ ನಿಲ್ಲುತ್ತಿದ್ದವನು ಆ ಮರೆಯಲ್ಲಿ ತನ್ನ ಅಂತಃಸಾಕ್ಷಿಯ ಮುಂದೆ ಮಾತ್ರ ನಿಂತನು. ಅನುಭವ ಮಂಟಪದಲ್ಲಿ ಮತಪತ್ರವಿರಲಿಲ್ಲ. ಆದರೆ ಅರಸನ ಮಂತ್ರಿಯೂ ಅಕ್ಕಿ ಆಯುವವನೂ ಸರಿಸಮವಾಗಿ ಕುಳಿತರೆಂಬ ಅದರ ಮರ್ಮ ಈ ಮರೆಯಲ್ಲೂ ಇತ್ತು.

ಅದರ ಫಲ ನಿಧಾನವಾಗಿ ಕಂಡಿತು. 1968ರಲ್ಲಿ ಡಾ. ವಿ.ಎಸ್. ಆಚಾರ್ಯ ಅವರು ಉಡುಪಿ ಪುರಸಭೆಯ ಅಧ್ಯಕ್ಷರಾದರು. ಅವರ ಆಡಳಿತದಲ್ಲಿ ಮನುಷ್ಯರು ತಲೆಯ ಮೇಲೆ ಮಲ ಹೊರುವ ಪದ್ಧತಿ ಆ ಊರಿನಲ್ಲಿ ನಿಂತಿತು. 1972ರ ಚುನಾವಣೆಯ ಬಳಿಕ ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ರಾಜ್ಯದಲ್ಲೆಲ್ಲ ಆ ಪದ್ಧತಿಯನ್ನು ನಿಷೇಧಿಸಲು ಮುಂದಾದರು. ಪಕ್ಷಗಳು ಬೇರೆ, ಮಾರ್ಗಗಳು ಬೇರೆ. ಮನುಷ್ಯನ ತಲೆಯಿಂದ ಇಳಿದ ಹೊರೆ ಒಂದೇ.

ಅದೇ 1972ರಲ್ಲಿ ಆಯ್ಕೆಯಾದ ವಿಧಾನಸಭೆ ಭೂಸುಧಾರಣೆಯ ತಿದ್ದುಪಡಿಗೆ ಒಪ್ಪಿಗೆ ನೀಡಿತು. 1974ರ ಮಾರ್ಚ್ 1ರಿಂದ ಗೇಣಿ ಭೂಮಿ ಸರ್ಕಾರದ ವಶಕ್ಕೆ ಬಂದು, ಭೂನ್ಯಾಯಮಂಡಳಿಗಳ ಮೂಲಕ ಉಳುವವನಿಗೆ ಸೇರುವ ದಾರಿ ತೆರೆಯಿತು. ರಾಜ್ಯದಲ್ಲಿ ಇದರ ಪರಿಣಾಮ ಅತಿ ಹೆಚ್ಚಾಗಿ ಕಂಡ ಪ್ರದೇಶಗಳಲ್ಲಿ ಕರಾವಳಿಯೂ ಒಂದು. ಒಕ್ಕಲುಗಳು ಒಡೆಯರಾದರು, ಮುಡಿ ಅಕ್ಕಿ ಮನೆಯಲ್ಲೇ ಉಳಿಯಿತು. ಗೇಣಿಯನ್ನೇ ನಂಬಿದ್ದ ಕೆಲವು ಸಣ್ಣ ಒಡೆಯರ ಮನೆಗಳು ಇದರಿಂದ ಬಡವಾದದ್ದೂ ಉಂಟು. ಮತದ ಬಲ ಎಷ್ಟು ದೊಡ್ಡದೋ, ಅದನ್ನು ವಿವೇಕದಿಂದ ಬಳಸುವ ಹೊಣೆಯೂ ಅಷ್ಟೇ ದೊಡ್ಡದೆಂಬುದಕ್ಕೆ ಇದೇ ಸಾಕ್ಷಿ.

ಇಂದು ಆ ಒಕ್ಕಲುಗಳ ಮೊಮ್ಮಕ್ಕಳು ಮುಂಬಯಿಯಲ್ಲಿದ್ದಾರೆ, ಕೊಲ್ಲಿ ದೇಶಗಳಲ್ಲಿದ್ದಾರೆ. ಮಣಿಪಾಲದ ವಿದ್ಯಾಲಯಗಳಲ್ಲಿ ಓದುತ್ತಿದ್ದಾರೆ. ಮತದ ವಯಸ್ಸು 21ರಿಂದ 18ಕ್ಕೆ ಇಳಿದದ್ದು 1989ರಲ್ಲಿ. ಅಜ್ಜನಿಗೆ ದೊರೆಯಲು ಶತಮಾನಗಳೇ ಬೇಕಾದದ್ದು ಮೊಮ್ಮಗನಿಗೆ ಹದಿನೆಂಟಕ್ಕೇ ಕೈಸೇರಿದೆ. ಆದರೂ “ನನ್ನದೊಂದು ಮತದಿಂದ ಆಗುವುದೇನು?” ಎಂಬ ಮಾತು ಕೇಳಿಬರುತ್ತದೆ. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರು 40,752 ಮತ ಪಡೆದು ಗೆದ್ದರು, ಸೋತ ಎ.ಆರ್. ಕೃಷ್ಣಮೂರ್ತಿ ಅವರು ಪಡೆದದ್ದು 40,751. ಆದರೆ ಇಂತಹ ಫಲಿತಾಂಶ ಅಪರೂಪ. ಅದನ್ನು ನೆಚ್ಚಿ ಮಾತ್ರ ಮತ ಹಾಕಬೇಕಾಗಿಲ್ಲ. ಮಾರಯ್ಯನವರು ಆಯ್ದ ಒಂದೊಂದು ಕಾಳೂ ಬೇರೆಯಾಗಿ ನೋಡಿದರೆ ಅಲ್ಪವೇ. ಆ ಕಾಳುಗಳಿಂದಲೇ ದಾಸೋಹ ನಡೆಯಿತು.

‘ಮತದಾನ’ ಎಂಬ ಪದದಲ್ಲಿರುವ ‘ದಾನ’ವನ್ನೂ ವಿಚಾರಿಸಬೇಕು. ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ಶರಣರು ಅದರ ಬದಲಿಗೆ ‘ನಾನು ಕೊಟ್ಟೆ’ ಎಂಬ ಅಹಂಭಾವವಿಲ್ಲದ ದಾಸೋಹವನ್ನು ಬೋಧಿಸಿದರು. ಮತವು ಅಭ್ಯರ್ಥಿಗೆ ಮಾಡುವ ಉಪಕಾರವೂ ಅಲ್ಲ, ಹಣಕ್ಕೋ ಸೀರೆಗೋ ಮಾರುವ ಸರಕೂ ಅಲ್ಲ. ಸಮಾಜಕ್ಕೆ ಸಲ್ಲಿಸುವ ದಾಸೋಹ. ಚುನಾವಣೆಯ ಹಿಂದಿನ ರಾತ್ರಿ ಬಾಗಿಲಿಗೆ ಬರುವ ಲಕೋಟೆಯೇ ಲಕ್ಕಮ್ಮನವರು ಹಿಂದಿರುಗಿಸಿದ ಹೆಚ್ಚಿನ ಅಕ್ಕಿ. ಅದನ್ನು ಬಂದ ದಾರಿಗೇ ಕಳುಹಿಸಿ, ಮರುದಿನ ಬೆಳಗ್ಗೆ ಸಾಲಿನಲ್ಲಿ ನಿಲ್ಲುವವರ ಕೈಯಲ್ಲಿ ಮತವು ಕಾಯಕವಾಗುತ್ತದೆ.