ದೋಷವೇ ನಾದವಾದ ಕಥೆ

ನನ್ನ ಓರಗೆಯ ಕೇಳುಗರಿಗೆ ಹಳೆಯ ವಾಲ್ವ್ ರೇಡಿಯೋ ನೆನಪಿರಬೇಕು. ಗುಂಡಿ ತಿರುಗಿಸಿದ ಕೂಡಲೇ ಅದು ಮಾತನಾಡುತ್ತಿರಲಿಲ್ಲ. ಒಳಗಿನ ಗಾಜಿನ ಬುರುಡೆಗಳು ಮೊದಲು ಕೆಂಪಗೆ ಕಾಯಬೇಕು. ಅನಂತರ ದೂರದಿಂದ ಯಾರೋ ನಡೆದು ಬಂದಂತೆ ದನಿ ಮೆಲ್ಲಮೆಲ್ಲನೆ ಸಮೀಪಿಸಬೇಕು. ವಾರ್ತೆಯ ಹೊತ್ತಿಗೆ ಒಂದು ನಿಮಿಷ ಮುಂಚಿತವಾಗಿ ರೇಡಿಯೋ ಹಾಕಿಡುವ ಹೊಣೆ ನಮ್ಮ ಮನೆಯಲ್ಲಿ ನನ್ನದಾಗಿತ್ತು. ಟ್ರಾನ್ಸಿಸ್ಟರ್ ಬಂದ ಮೇಲೆ ಆ ಕಾಯುವಿಕೆ ತಪ್ಪಿತು. ಗಾಜಿನ ಬುರುಡೆಗಳೂ ಲೋಕದಿಂದ ಮರೆಯಾದುವೆಂದೇ ನಾನು ತಿಳಿದಿದ್ದೆ.

ಹಾಗಾಗಿಲ್ಲವೆಂದು ನನಗೆ ತೋರಿಸಿದವನು ನನ್ನ ತಂಗಿಯ ಮಗ. ಅವನು ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಾನೆ. ಅವನ ಕೋಣೆಯ ಒಂದು ಮೂಲೆಯಲ್ಲಿ ಒಬ್ಬನೇ ಎತ್ತಲಾಗದ ಒಂದು ಆಂಪ್ಲಿಫೈಯರ್. ಅದರ ಬೆನ್ನಿನಲ್ಲಿ ಅದೇ ನನ್ನ ಬಾಲ್ಯದ ವಾಲ್ವ್‌ಗಳು ಮಿನುಗುತ್ತಿದ್ದುವು. ಮುಂದೆ ನೆಲದ ಮೇಲೆ ಕಾಲಿನಿಂದ ಒತ್ತುವ ನಾಲ್ಕೈದು ಪೆಡಲ್‌ಗಳು. ಇನ್ನೊಂದು ಮೂಲೆಯಲ್ಲಿ ಊಟದ ಡಬ್ಬಿಯಷ್ಟಿರುವ ಒಂದು ಡಿಜಿಟಲ್ ಪೆಟ್ಟಿಗೆ. ಇದಕ್ಕೆ ಮಾಡೆಲರ್ ಎಂದು ಹೆಸರು. ಹತ್ತಾರು ಆಂಪ್ಲಿಫೈಯರ್‌ಗಳ, ನೂರಾರು ಪೆಡಲ್‌ಗಳ ದನಿಯನ್ನು ಇದೊಂದೇ ಅನುಕರಿಸಬಲ್ಲುದಂತೆ. ನನ್ನನ್ನು ಗೋಡೆಯ ಕಡೆಗೆ ಮುಖ ಮಾಡಿ ಕೂರಿಸಿ ಒಂದೇ ರಾಗವನ್ನು ಎರಡರಲ್ಲೂ ನುಡಿಸಿದ. ಯಾವುದು ಯಾವುದೆಂದು ನನಗೆ ತಿಳಿಯಲಿಲ್ಲ. "ಮಾವ, ದೊಡ್ಡದನ್ನು ಮಾರಿಬಿಡಲೆಂದಿದ್ದೇನೆ. ಗೆಳೆಯರು ಅದೇ ನಿಜವಾದದ್ದು, ಮಾರಬೇಡ ಎನ್ನುತ್ತಾರೆ. ನೀವೇನು ಹೇಳುತ್ತೀರಿ?" ಎಂದ.

ಮೂಲಪ್ರತಿ ಯಾವುದು, ನಕಲು ಯಾವುದು, ಯಾವ ಪಾಠ ಶುದ್ಧ ಎಂಬ ವಿಚಾರದಲ್ಲೇ ನನ್ನ ಅಧ್ಯಾಪನ ವೃತ್ತಿಯ ಬಹುಭಾಗ ಕಳೆದಿದೆ. ಆದುದರಿಂದ ಪ್ರಶ್ನೆ ನನಗೆ ತೀರ ಅಪರಿಚಿತವೇನೂ ಆಗಿರಲಿಲ್ಲ. ಉತ್ತರ ಕೊಡುವ ಮುನ್ನ ಈ ನಾದದ ಚರಿತ್ರೆಯನ್ನು ಸ್ವಲ್ಪ ತಿಳಿಯೋಣವೆಂದು ಹೊರಟೆ.

ಗಿಟಾರ್ ಸ್ವಭಾವತಃ ಮೆಲುದನಿಯ ವಾದ್ಯ. ಅಮೆರಿಕದ ನೃತ್ಯಮೇಳಗಳಲ್ಲಿ ತುತೂರಿ, ಸ್ಯಾಕ್ಸೊಫೋನ್‌ಗಳ ನಡುವೆ ಅದು ಕೇಳಿಸುತ್ತಿರಲಿಲ್ಲ. ೧೯೩೦ರ ದಶಕದ ಆರಂಭದಲ್ಲಿ ತಂತಿಯ ಕೆಳಗೆ ಅಯಸ್ಕಾಂತ ಮತ್ತು ತಾಮ್ರದ ಸುರುಳಿಗಳನ್ನಿಟ್ಟು, ಉಕ್ಕಿನ ತಂತಿಯ ಕಂಪನವನ್ನು ವಿದ್ಯುತ್ತಾಗಿ ಮಾರ್ಪಡಿಸುವ ಉಪಾಯ ಬಂತು. ಆ ಕ್ಷೀಣ ವಿದ್ಯುತ್ತನ್ನು ಸ್ಪೀಕರಿಗೆ ಸಾಕಾಗುವಷ್ಟು ಬಲಪಡಿಸಲು ರೇಡಿಯೋದ ವಾಲ್ವ್ ಸಿದ್ಧವಾಗಿಯೇ ಇತ್ತು. ವಾಲ್ವ್ ಎಂದರೆ ತೂಬು ಎಂದೇ ತಿಳಿಯಬಹುದು. ಕೆರೆಯ ತೂಬನ್ನು ಬೆರಳಷ್ಟು ಎತ್ತಿದರೆ ಕಾಲುವೆಯಲ್ಲಿ ನೀರು ಮೊಣಕಾಲುದ್ದ ಏರುವ ಹಾಗೆ, ವಾಲ್ವಿನ ಒಳಗಿನ ಜಾಲರಿಗೆ ಬಂದ ಸಣ್ಣ ಕಂಪನವು ಎಲೆಕ್ಟ್ರಾನುಗಳ ದೊಡ್ಡ ಹರಿವನ್ನು ಏರಿಳಿಸುತ್ತದೆ.

ಈ ಆಂಪ್ಲಿಫೈಯರ್‌ಗಳನ್ನು ಕಟ್ಟಿದವರಲ್ಲಿ ಪ್ರಮುಖನಾದ ಲಿಯೋ ಫೆಂಡರ್ ಮೂಲತಃ ರೇಡಿಯೋ ರಿಪೇರಿಯವನು. ೧೯೩೮ರಲ್ಲಿ ಕ್ಯಾಲಿಫೋರ್ನಿಯದ ಫುಲ್ಲರ್ಟನ್ ಊರಿನಲ್ಲಿ ಅವನು ಅಂಗಡಿ ತೆರೆದ. ಅವನ ಗುರಿ ನಿರ್ಮಲವಾದ ದನಿ. ತಂತಿಯಲ್ಲಿ ಹುಟ್ಟಿದ್ದು ಹಾಗೆಯೇ ದೊಡ್ಡದಾಗಿ ಕೇಳಬೇಕು, ಅಷ್ಟೆ. ಆದರೆ ಕಾಲುವೆಗೂ ಒಂದು ಮಿತಿಯುಂಟು. ವಾದಕ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದಾಗ ವಾಲ್ವ್ ಅಷ್ಟು ಹರಿವನ್ನು ಕೊಡಲಾರದು. ಅಲೆಯ ನೆತ್ತಿ ಬಾಗುತ್ತದೆ. ಮೂಲದಲ್ಲಿ ಇಲ್ಲದ ಮೇಲಿನ ಉಪಸ್ವರಗಳು ಹುಟ್ಟಿಕೊಳ್ಳುತ್ತವೆ. ದನಿ ದಪ್ಪಗಾಗುತ್ತದೆ, ಒರಟಾಗುತ್ತದೆ, ಹೆಚ್ಚು ಹೊತ್ತು ನಿಲ್ಲುತ್ತದೆ. ಬೆರಳು ಮೆತ್ತಗಾದರೆ ಮತ್ತೆ ತಿಳಿಯಾಗುತ್ತದೆ. ಎಂಜಿನಿಯರನಿಗೆ ಇದು ದೋಷ. ವಾದಕನಿಗೆ ಇದು ವಾದ್ಯಕ್ಕೆ ಹೊಸದಾಗಿ ಬಂದ ಕಂಠ.

ದೋಷವನ್ನು ಬೇಕೆಂದೇ ಹುಡುಕಿಕೊಂಡು ಹೋದ ಕಥೆಗಳು ಸ್ವಾರಸ್ಯವಾಗಿವೆ. ೧೯೫೧ರಲ್ಲಿ ಮೆಂಫಿಸ್ ನಗರಕ್ಕೆ ಧ್ವನಿಮುದ್ರಣಕ್ಕೆಂದು ಬಂದ ಒಂದು ಮೇಳದ ಆಂಪ್ಲಿಫೈಯರ್ ದಾರಿಯಲ್ಲಿ ಹಾಳಾಯಿತು. ಹರಿದ ಸ್ಪೀಕರಿಗೆ ಕಾಗದ ತುರುಕಿ ಅದರಲ್ಲೇ ನುಡಿಸಿದರೆಂದು ಹೇಳುತ್ತಾರೆ. 'ರಾಕೆಟ್ ೮೮' ಎಂಬ ಆ ಹಾಡಿನ ಗೊರಗೊರ ದನಿ ಜನಕ್ಕೆ ಹಿಡಿಸಿತು. ೧೯೫೮ರಲ್ಲಿ ಲಿಂಕ್ ರೇ ಎಂಬಾತ ಅಂಥ ದನಿಗಾಗಿ ತನ್ನ ಸ್ಪೀಕರಿಗೆ ಪೆನ್ಸಿಲಿನಿಂದ ತೂತು ಮಾಡಿದನಂತೆ. ೧೯೬೪ರಲ್ಲಿ ಲಂಡನ್ನಿನ ಕಿಂಕ್ಸ್ ತಂಡದ ಡೇವ್ ಡೇವೀಸ್ ಬ್ಲೇಡಿನಿಂದ ಸ್ಪೀಕರನ್ನೇ ಸೀಳಿದ. ೧೯೬೧ರಲ್ಲಿ ಹೊರಬಂದ ಮಾರ್ಟಿ ರಾಬಿನ್ಸ್‌ನ ಒಂದು ಹಾಡಿನಲ್ಲಿ ನ್ಯಾಶ್‌ವಿಲ್ ಸ್ಟುಡಿಯೋದ ಯಂತ್ರವೇ ಕೆಟ್ಟು, ಗ್ರೇಡಿ ಮಾರ್ಟಿನ್ ನುಡಿಸಿದ ತಂತಿಯ ನಾದ ಜೀರುಂಡೆಯಂತೆ ಗುಂಯ್‌ಗುಟ್ಟಿತು. ಅದನ್ನು ಅಳಿಸದೆ ಹಾಗೆಯೇ ಉಳಿಸಿಕೊಂಡರು. ಕೆಟ್ಟ ಯಂತ್ರ ಪೂರ್ತಿ ನಿಂತುಹೋದಾಗ, ಅದೇ ದನಿ ಬೇಕೆಂದು ಇತರರೂ ಕೇಳತೊಡಗಿದರು. ಅಲ್ಲಿನ ಎಂಜಿನಿಯರ್ ಗ್ಲೆನ್ ಸ್ನಾಡಿ ಆ ಕೇಡನ್ನೇ ಟ್ರಾನ್ಸಿಸ್ಟರುಗಳಿಂದ ಪುನಃ ಸೃಷ್ಟಿಸಿ ಒಂದು ಪುಟ್ಟ ಪೆಟ್ಟಿಗೆಯಲ್ಲಿ ತುಂಬಿದ. ೧೯೬೨ರಲ್ಲಿ ಮಾರುಕಟ್ಟೆಗೆ ಬಂದ 'ಫಜ್-ಟೋನ್' ಪೆಡಲ್ ಅದು. ೧೯೬೫ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡ ತನ್ನ 'ಸ್ಯಾಟಿಸ್‌ಫ್ಯಾಕ್ಷನ್' ಹಾಡಿನಲ್ಲಿ ಬಳಸಿದ ಮೇಲೆ ಅದಕ್ಕೆ ಎಲ್ಲಿಲ್ಲದ ಬೇಡಿಕೆ ಬಂತು.

ಇಲ್ಲೊಂದು ಮಾತನ್ನು ಗಮನಿಸಬೇಕು. ಪೆಡಲ್ ಎಂಬುದೇ ಒಂದು ಅನುಕರಣ. ಒಂದು ಪೆಡಲ್ ಕೆಟ್ಟ ಯಂತ್ರವನ್ನು ಅನುಕರಿಸಿತು. ಇನ್ನೊಂದು ದೊಡ್ಡ ಸಭಾಂಗಣದ ಪ್ರತಿಧ್ವನಿಯನ್ನು. ಮತ್ತೊಂದು ಇಬ್ಬರು ಏಕಕಾಲದಲ್ಲಿ ನುಡಿಸಿದಾಗ ಕೂಡಿಯೂ ಕೂಡದ ಶ್ರುತಿಯನ್ನು. ಹಳೆಯದು ನಿಜ, ಹೊಸದು ನಕಲು ಎಂದು ವಾದಿಸುವವರು ಇದನ್ನು ಮರೆಯುತ್ತಾರೆ.

ಆಂಪ್ಲಿಫೈಯರ್‌ಗಳ ಚರಿತ್ರೆಯಲ್ಲಿಯೂ ಅಷ್ಟೆ. ಜಿಮ್ ಮಾರ್ಷಲ್ ಎಂಬಾತ ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಡ್ರಮ್ ಅಂಗಡಿ ಇಟ್ಟುಕೊಂಡಿದ್ದವನು. ಫೆಂಡರನ ಯಂತ್ರಗಳು ಇಂಗ್ಲೆಂಡಿನಲ್ಲಿ ಬಲು ದುಬಾರಿ. ೧೯೬೨ರಲ್ಲಿ ಅವನೂ ಅವನ ಸಹಾಯಕರೂ ಸೇರಿ ಫೆಂಡರನ 'ಬಾಸ್‌ಮನ್' ಯಂತ್ರದ ನಕ್ಷೆಯನ್ನೇ ಹೆಚ್ಚುಕಡಿಮೆ ಇದ್ದಂತೆ ಅನುಸರಿಸಿ ಒಂದನ್ನು ಕಟ್ಟಿದರು. ಆದರೆ ಅಮೆರಿಕದ ಬಿಡಿಭಾಗಗಳು ಅಲ್ಲಿ ಸುಲಭವಾಗಿ ದೊರೆಯುತ್ತಿರಲಿಲ್ಲ. ಸಿಕ್ಕಿದ ಇಂಗ್ಲಿಷ್ ಭಾಗಗಳನ್ನು ಹಾಕಿದರು. ಹತ್ತು ಅಂಗುಲದ ನಾಲ್ಕು ಸ್ಪೀಕರುಗಳ ಬದಲು ಹನ್ನೆರಡು ಅಂಗುಲದ ನಾಲ್ಕನ್ನು ಬೇರೆಯೇ ಪೆಟ್ಟಿಗೆಯಲ್ಲಿ ಮುಚ್ಚಿಟ್ಟರು. ಮೂಲದ ಹಾಗೆ ಅದು ಕೇಳಿಸಲಿಲ್ಲ. ಇನ್ನೂ ಗಡುಸಾಗಿ, ಬೇಗನೆ ಕೆರಳುವಂತೆ ಕೇಳಿಸಿತು. ಮುಂದಿನ ಹಲವು ದಶಕಗಳ ರಾಕ್ ಸಂಗೀತಕ್ಕೆ ಆ ದನಿಯೇ ಆಧಾರವಾಯಿತು. ತಪ್ಪಿದ ನಕಲು ತಾನೇ ಒಂದು ಮೂಲವಾಯಿತು. ನಮ್ಮ ಪಂಪ ವ್ಯಾಸಭಾರತವನ್ನು ಅಕ್ಷರಶಃ ಇಳಿಸಿದ್ದರೆ ನಮಗೆ ಪಂಪಭಾರತ ದಕ್ಕುತ್ತಿತ್ತೆ?

ಅಷ್ಟರಲ್ಲಿ ವಾಲ್ವಿನ ಕಾಲ ಮುಗಿಯುತ್ತ ಬಂದಿತ್ತು. ೧೯೪೭ರಲ್ಲಿ ಕಂಡುಹಿಡಿದ ಟ್ರಾನ್ಸಿಸ್ಟರ್ ರೇಡಿಯೋವನ್ನು ಗೆದ್ದಿತು. ನಮ್ಮ ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಅರುವತ್ತರ ದಶಕದಲ್ಲಿ ರೇಡಿಯೋ ವಾಲ್ವ್‌ಗಳನ್ನು ತಯಾರಿಸುತ್ತಿತ್ತು. ನಮ್ಮ ಮನೆಗಳ ರೇಡಿಯೋಗಳಲ್ಲಿ ಬೆಳಗಿದ್ದುದು ಅವೇ. ಹಳೆಯ ವಾಲ್ವ್ ಸಂಗ್ರಹಿಸುವವರ ನಡುವೆ ಆ ಹೆಸರು ಈಗಲೂ ಕೇಳಿಬರುತ್ತದೆ. ಗಿಟಾರ್ ವಾದಕರು ಮಾತ್ರ ವಾಲ್ವನ್ನು ಬಿಡಲಿಲ್ಲ. ಮಿತಿ ಮೀರಿದಾಗ ಆ ಕಾಲದ ಟ್ರಾನ್ಸಿಸ್ಟರ್ ಯಂತ್ರಗಳು ಅಲೆಯನ್ನು ಬಾಗಿಸದೆ ಕತ್ತರಿಸುತ್ತಿದ್ದುವು. ಕಿವಿಗೆ ಅದು ಕರ್ಕಶ. ಹೀಗೆ ಒಂದು ಹಳೆಯ ತಂತ್ರ ಕೇವಲ ತನ್ನ ದೋಷದ ಚೆಲುವಿನಿಂದ ಬದುಕಿ ಉಳಿಯಿತು. ಆದರೆ ಇಂದು ಅದನ್ನು ತಯಾರಿಸುವ ಕಾರ್ಖಾನೆಗಳು ರಷ್ಯ, ಸ್ಲೊವಾಕಿಯ, ಚೀನ ದೇಶಗಳಲ್ಲಿ ಬೆರಳೆಣಿಕೆಯಷ್ಟಿವೆ. ೨೦೨೨ರಲ್ಲಿ ಯುಕ್ರೇನ್ ಯುದ್ಧ ಆರಂಭವಾಗಿ ರಷ್ಯದ ರಫ್ತಿಗೆ ತಡೆಯುಂಟಾದಾಗ ಜಗತ್ತಿನ ವಾದಕರೆಲ್ಲ ಕಂಗಾಲಾದರು.

ಡಿಜಿಟಲ್ ಮಾಡೆಲರ್ ಹುಟ್ಟಿದ್ದು ಈ ಹಿನ್ನೆಲೆಯಲ್ಲಿ. ೧೯೯೫ರಲ್ಲಿ ಜಪಾನಿನ ರೋಲೆಂಡ್ ಸಂಸ್ಥೆಯ 'ವಿಜಿ-೮', ೧೯೯೮ರಲ್ಲಿ ಅಮೆರಿಕದ ಲೈನ್ ಸಿಕ್ಸ್ ಸಂಸ್ಥೆಯ ಹುರುಳಿಕಾಯಿ ಬೀಜದ ಆಕಾರದ ಕೆಂಪು 'ಪಾಡ್', ೨೦೦೬ರಲ್ಲಿ ಫ್ರ್ಯಾಕ್ಟಲ್ ಸಂಸ್ಥೆಯ 'ಆಕ್ಸ್-ಎಫ್ಎಕ್ಸ್' ಬಂದುವು. ಇವುಗಳಲ್ಲಿ ತಂತಿಯ ಕಂಪನವನ್ನು ಕ್ಷಣಕ್ಷಣಕ್ಕೂ ಅಳೆದು, ಸೆಕೆಂಡಿಗೆ ನಲವತ್ತು ಸಾವಿರಕ್ಕೂ ಮಿಗಿಲಾದ ಅಂಕಿಗಳನ್ನಾಗಿ ಮಾಡಿ, ಆ ಅಂಕಿಗಳ ಮೇಲೆ ಗಣಿತ ನಡೆಸುತ್ತಾರೆ. ಇದರಲ್ಲಿ ಎರಡು ದಾರಿಗಳಿವೆ. ಆಂಪ್ಲಿಫೈಯರಿನ ಒಂದೊಂದು ಭಾಗದ ನಡವಳಿಕೆಯನ್ನೂ ಸಮೀಕರಣವಾಗಿ ಬರೆಯುವುದು ಮೊದಲನೆಯದು. ಇದು ಕವಿಯ ವ್ಯಾಕರಣವನ್ನು ಅರಿತು ಅವನಂತೆ ಬರೆಯುವ ಹಾಗೆ. ಎರಡನೆಯದು, ೨೦೧೧ರಲ್ಲಿ ಜರ್ಮನಿಯ ಕೆಂಪರ್ ತೋರಿಸಿದ ದಾರಿ. ನಿಜವಾದ ಆಂಪ್ಲಿಫೈಯರಿಗೆ ಪರೀಕ್ಷೆಯ ನಾದಗಳನ್ನು ಕಳುಹಿಸಿ, ಬಂದ ಉತ್ತರವನ್ನು ಆಲಿಸಿ, ಅದರ ಪಡಿಯಚ್ಚನ್ನು ತೆಗೆಯುವುದು. ಇದರಲ್ಲಿ ದೊರಕುವುದು ಒಂದು ಯಂತ್ರದ, ಒಂದು ದಿನದ, ಗುಂಡಿಗಳ ಒಂದು ನೆಲೆಯ ದನಿ. ಈಚೆಗೆ ಗಣಕವೇ ಉದಾಹರಣೆಗಳಿಂದ ಕಲಿಯುವ ಕ್ರಮವೂ ಇದಕ್ಕೆ ಸೇರಿದೆ.

ಹಾಗಾದರೆ ನಕಲು ಎಷ್ಟು ನಿಖರ? ಪಕ್ಷಪಾತವಿಲ್ಲದೆ ಹೇಳಬೇಕೆಂದರೆ, ಬಹಳ ನಿಖರ. ಗಣಿತಕ್ಕೆ ಸಮಯ ಹಿಡಿದು ದನಿ ತಡವಾಗುತ್ತದೆ ಎನ್ನುವವರಿದ್ದಾರೆ. ಒಳ್ಳೆಯ ಪೆಟ್ಟಿಗೆಯಲ್ಲಿ ಆ ತಡ ಸೆಕೆಂಡಿನ ಸಾವಿರದ ಕೆಲವೇ ಪಾಲು. ಶಬ್ದಕ್ಕೆ ಗಾಳಿಯಲ್ಲಿ ಒಂದು ಮೀಟರ್ ಸಾಗಲು ಅಂಥ ಮೂರು ಪಾಲು ಬೇಕು. ಆಂಪ್ಲಿಫೈಯರಿನಿಂದ ನಾಲ್ಕು ಹೆಜ್ಜೆ ದೂರ ನಿಂತ ವಾದಕನಿಗೂ ಅಷ್ಟೇ ತಡ. ಇನ್ನು ಬೆನ್ನಿಗೆ ಗಾಳಿ ಬಡಿದಂತಾಗುವ ಆ ಅನುಭವ ಇದರಲ್ಲಿಲ್ಲ ಎಂಬ ದೂರು. ಅದು ನಿಜವೇ. ಆದರೆ ಧ್ವನಿಮುದ್ರಿಕೆಗಳಲ್ಲಿ ನಾವು ಕೇಳುವುದು ಆಂಪ್ಲಿಫೈಯರನ್ನಲ್ಲ, ಅದರ ಮುಂದಿಟ್ಟ ಮೈಕನ್ನು. ಮಾಡೆಲರ್ ಅನುಕರಿಸುವುದು ಹೆಚ್ಚಾಗಿ ಅದನ್ನೇ. ಕೋಣೆಯ ಅನುಭವವನ್ನು ಮುದ್ರಿಕೆಯ ಅನುಭವಕ್ಕೆ ಹೋಲಿಸಿ ಜಗಳವಾಡುವುದು ನ್ಯಾಯವಲ್ಲ. ನೆರೆಮನೆಯವರ ನಿದ್ದೆ, ಹೊರುವ ಬೆನ್ನು, ಕೊಳ್ಳುವ ಜೇಬು ಇವುಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಹೊಸ ಪೆಟ್ಟಿಗೆಯ ಪಕ್ಷವೇ ಬಲವಾದದ್ದು.

ಆದರೂ ನನ್ನ ಮನಸ್ಸಿನಲ್ಲಿ ಒಂದು ಅಳುಕು ಉಳಿದಿದೆ. ಅದು ನಕಲು ಕೆಟ್ಟದಾಗಿದೆ ಎಂಬ ಅಳುಕಲ್ಲ. ತೀರ ಚೆನ್ನಾಗಿದೆ ಎಂಬುದು. ಮಾರ್ಷಲನ ನಕಲು ತಪ್ಪಿದ್ದರಿಂದ ಹೊಸ ದನಿ ಹುಟ್ಟಿತು. ಸ್ನಾಡಿಯ ಯಂತ್ರ ಕೆಟ್ಟಿದ್ದರಿಂದ ಹೊಸ ದನಿ ಹುಟ್ಟಿತು. ತಪ್ಪದ, ಕೆಡದ ನಕಲಿನಿಂದ ಹುಟ್ಟುವುದೇನು? ಐವತ್ತು ಅರುವತ್ತು ವರ್ಷಗಳ ಹಿಂದಿನ ದೋಷಗಳನ್ನು ಒಂದೂ ಬಿಡದೆ ಕಾಪಾಡುವ ಭಂಡಾರ ಇದಾಗಬಹುದು. ಭಂಡಾರ ಬೇಕು; ಓಲೆಗರಿಗಳನ್ನು ಕಾಪಾಡಿದವರ ಋಣ ನಮ್ಮ ಮೇಲಿದೆ. ಆದರೆ ಭಂಡಾರವೇ ಕಾವ್ಯವಲ್ಲ.

ನಮ್ಮ ಸಂಗೀತದಲ್ಲಿ 'ವಿಕೃತಿ' ಎಂಬ ಮಾತಿಗೆ ಹೀನಾರ್ಥವಿಲ್ಲ. ಷಡ್ಜ ಪಂಚಮಗಳು ಪ್ರಕೃತಿ ಸ್ವರಗಳು. ಉಳಿದ ಐದೂ ವಿಕೃತಿ ಸ್ವರಗಳು. ವಿಕೃತಿಯಿಲ್ಲದೆ ರಾಗವಿಲ್ಲ. ತಂಬೂರಿಯ ಕುದುರೆಯ ಮೇಲೆ, ತಂತಿಯ ಕೆಳಗೆ, ಒಂದೆಳೆ ದಾರವನ್ನು ಸೇರಿಸಿ ಅತ್ತಿತ್ತ ಸರಿಸುತ್ತಾರೆ. ತಂತಿ ಕುದುರೆಯನ್ನು ಮುಟ್ಟಿಯೂ ಮುಟ್ಟದಂತೆ ಸವರಿದಾಗ ಝೇಂಕಾರ ಏಳುತ್ತದೆ. ಸ್ವಚ್ಛತೆಯ ಲೆಕ್ಕದಲ್ಲಿ ಅದೂ ದೋಷವೇ. ನಮ್ಮ ಹಿರಿಯರು ಅದಕ್ಕೆ ಜೀವಾಳಿ ಎಂದು ಹೆಸರಿಟ್ಟರು. ಈಗ ಕಚೇರಿಗಳಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಆ ಝೇಂಕಾರವನ್ನೂ ಅನುಕರಿಸುತ್ತದೆ. ಆದರೆ ಸರಿಯಾದ ನೆಲೆ ಸಿಗುವವರೆಗೆ ದಾರವನ್ನು ಸರಿಸಿ ಕಿವಿಗೊಡುವ ಕೆಲಸ ಅದರಲ್ಲಿಲ್ಲ.

ಡಿಜಿಟಲ್ ಯಂತ್ರಕ್ಕೂ ತನ್ನದೇ ದೋಷಗಳುಂಟು. ಅಳತೆಯ ಮಿತಿಯನ್ನು ಮೀರಿದ ಸ್ವರ ಹಿಂದಕ್ಕೆ ಮಡಚಿಕೊಂಡು ಅಪಸ್ವರವಾಗಿ ಕೇಳುತ್ತದೆ. ತಯಾರಕರು ಅದನ್ನು ಅಡಗಿಸಲು ಬಹಳ ಶ್ರಮಪಡುತ್ತಾರೆ. ಕೆಲವರು ಈಗಾಗಲೇ ಅದನ್ನೇ ಬೇಕೆಂದು ಬಳಸುತ್ತಿದ್ದಾರೆ. ಅಂಥವರಲ್ಲಿಯೇ ನನ್ನ ಭರವಸೆ.

ತಂಗಿಯ ಮಗನಿಗೆ ನಾನು ಹೇಳಿದ್ದಿಷ್ಟು: "ಭಾರದ್ದನ್ನು ಮಾರುವುದಾದರೆ ಮಾರಪ್ಪ, ಪಾಪವೇನಿಲ್ಲ. ಆದರೆ ಹೊಸ ಪೆಟ್ಟಿಗೆಯಲ್ಲಿ ಯಾರೋ ಹೆಸರಿಟ್ಟ ದನಿಗಳನ್ನೇ ಆರಿಸುತ್ತ ಕೂರಬೇಡ. ಅದು ಎಲ್ಲಿ ತಪ್ಪುತ್ತದೆ ಎಂದು ಹುಡುಕು." ಅವನು ನಕ್ಕ. ಇನ್ನೂ ಮಾರಿಲ್ಲವೆಂದು ಮೊನ್ನೆ ತಂಗಿ ಹೇಳಿದಳು. ಸಂಜೆ ಅದನ್ನು ಹಾಕಿ, ಕಾಯುವವರೆಗೆ ಸುಮ್ಮನೆ ಕೂರುತ್ತಾನಂತೆ.