ಒಳ್ಳೆಯ ಕಾರು ಯಾವುದು? ಚಾಲಕರನ್ನು ಕೇಳಿ



"ನೀವು ಓಡಿಸಿದ ಕಾರುಗಳಲ್ಲಿ ಅತಿ ಒಳ್ಳೆಯದು ಯಾವುದು, ಅತಿ ಕೆಟ್ಟದ್ದು ಯಾವುದು?" ಈ ಪ್ರಶ್ನೆಯನ್ನು ಕಾರಿನ ಮಾಲೀಕರಿಗೆ ಕೇಳಿದರೆ ಬಣ್ಣ, ಸೀಟು, ಎ.ಸಿ., ವೇಗದ ಮಾತು ಬರುತ್ತದೆ. ಸ್ಟೇರಿಂಗ್ ಹಿಡಿದೇ ಸಂಸಾರ ಸಾಗಿಸುವ ಚಾಲಕರನ್ನು ಕೇಳಿ. ಲೀಟರಿಗೆ ಎಷ್ಟು ಓಡುತ್ತದೆ, ಕೆಟ್ಟರೆ ಎಷ್ಟು ಹೊತ್ತಿನಲ್ಲಿ ರಿಪೇರಿ ಆಗುತ್ತದೆ, ಸ್ಪೇರ್ ಪಾರ್ಟ್ ಎಲ್ಲಿ ಸಿಗುತ್ತದೆ ಎಂದು ಅವರು ಶುರು ಮಾಡುತ್ತಾರೆ. ಟ್ಯಾಕ್ಸಿ ಗ್ಯಾರೇಜಿನಲ್ಲಿ ನಿಂತ ದಿನ ಅವರಿಗೆ ಸಂಪಾದನೆ ಇಲ್ಲ. ನಮ್ಮ ಮಹಾನಗರಗಳ ಕಾರುಗಳ ಇತಿಹಾಸವನ್ನು ಈ ಬಾರಿ ಚಾಲಕರ ಕಡೆಯಿಂದ ನೋಡೋಣ.

ಮೊದಲಿಗೆ ಒಂದು ಮಾತು. ಬಹುಕಾಲ ನಮ್ಮವರಿಗೆ ಆರಿಸಿಕೊಳ್ಳಲು ಹೆಚ್ಚು ಕಾರುಗಳೇ ಇರಲಿಲ್ಲ. ಭಾರತದಲ್ಲೇ ಮೋಟಾರು ಕಾರ್ಖಾನೆ ಆಗಬೇಕೆಂದು 1930ರ ದಶಕದಲ್ಲಿ ಪಟ್ಟು ಹಿಡಿದವರಲ್ಲಿ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ಪ್ರಮುಖರು. ವಿದೇಶಗಳ ಕಾರ್ಖಾನೆಗಳನ್ನು ನೋಡಿ ಬಂದು ಯೋಜನೆಯನ್ನೂ ಸಿದ್ಧಪಡಿಸಿದ್ದರು. ಬ್ರಿಟಿಷ್ ಸರ್ಕಾರ ಅದಕ್ಕೆ ಒತ್ತಾಸೆ ಕೊಡಲಿಲ್ಲ. ಅದೇ ಕನಸು ಕಂಡಿದ್ದ ಉದ್ಯಮಿ ವಾಲಚಂದ್ ಹೀರಾಚಂದ್, 1940ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಸಂಸ್ಥಾನದ ಸಹಕಾರದಿಂದ ವಿಮಾನ ಕಾರ್ಖಾನೆ ತೆರೆದರು. 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪಿಸಿದರು. ಸ್ವಾತಂತ್ರ್ಯದ ನಂತರ ಸರ್ಕಾರದ ನೀತಿ ಬಿಗಿಯಾಯಿತು, ವಿದೇಶಿ ಕಂಪನಿಗಳು ಹೊರನಡೆದವು. ಕಾರು ಎಂದರೆ ಮುಂಬಯಿಯ ಪ್ರೀಮಿಯರ್, ಬಂಗಾಳದ ಉತ್ತರಪಾಡಾದ ಹಿಂದೂಸ್ತಾನ್ ಮೋಟಾರ್ಸ್, ಮದ್ರಾಸಿನ ಸ್ಟ್ಯಾಂಡರ್ಡ್, ಇಷ್ಟೇ ಎನ್ನುವಂತಾಯಿತು. ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು.

ಕುರ್ಲಾದ ಕಾರ್ಖಾನೆಯಿಂದ ಬಂದ ಫಿಯೆಟ್ 1100 ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿ ಆಯಿತು. 1970ರ ದಶಕದಲ್ಲಿ ಅದಕ್ಕೆ ರಾಣಿ ಪದ್ಮಿನಿಯ ಹೆಸರಿಟ್ಟರೂ ಜನರ ಬಾಯಲ್ಲಿ ಅದು ಫಿಯೆಟ್ ಆಗಿಯೇ ಉಳಿಯಿತು. ಗೇರು ಸ್ಟೇರಿಂಗಿನ ಪಕ್ಕದಲ್ಲೇ ಇತ್ತು. ಗಾಡಿ ಚಿಕ್ಕದು, ಮುಂಬಯಿಯ ಗಲ್ಲಿಗಳಲ್ಲಿ ತಿರುಗಿಸಲು ಸುಲಭ. ಊರಿನಿಂದ ಬಂದಿಳಿದ ನಮ್ಮವರು ಟ್ರಂಕು, ಹಾಸಿಗೆ, ತೆಂಗಿನಕಾಯಿ ಮೂಟೆಯನ್ನೆಲ್ಲ ಮೇಲಿನ ಕ್ಯಾರಿಯರಿಗೆ ಏರಿಸಿಯೇ ಮನೆ ಸೇರುತ್ತಿದ್ದರು. ದೋಷಗಳೂ ಇದ್ದವು. ಮಳೆಗಾಲದಲ್ಲಿ ಬಾಡಿಗೆ ತುಕ್ಕು ಹಿಡಿಯುತ್ತಿತ್ತು. ಬಿಸಿಲಿನಲ್ಲಿ ಪೆಟ್ರೋಲು ಪೈಪಿನೊಳಗೇ ಆವಿಯಾಗಿ ಇಂಜಿನ್ ನಿಂತುಬಿಡುತ್ತಿತ್ತು. ಆಗ ಚಾಲಕ ಇಳಿದು, ಬಾನೆಟ್ ಎತ್ತಿ, ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದ. ಸ್ವಲ್ಪ ಹೊತ್ತಿಗೆ ಗಾಡಿ ಮತ್ತೆ ಹೊರಡುತ್ತಿತ್ತು. ಚಾಲಕರು ಅದನ್ನು ಮೆಚ್ಚಿದ್ದಕ್ಕೆ ಕಾರಣ ಇದೇ. ಅದು ಕೆಡುತ್ತಿತ್ತು, ಆದರೆ ಕೈಗೆ ಸಿಗುವ ಹಾಗೆ ಕೆಡುತ್ತಿತ್ತು.

ಅಂಬಾಸಿಡರ್ ಕಥೆಯೂ ಹೆಚ್ಚು ಕಡಿಮೆ ಹೀಗೆಯೇ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ರೂಪದಲ್ಲಿ 1950ರ ದಶಕದ ಕೊನೆಗೆ ಬಂದ ಈ ಗಾಡಿ 2014ರವರೆಗೆ ತಯಾರಾಯಿತು. "ಹಾರ್ನ್ ಒಂದನ್ನು ಬಿಟ್ಟು ಉಳಿದೆಲ್ಲವೂ ಸದ್ದು ಮಾಡುತ್ತದೆ" ಎಂಬ ತಮಾಷೆ ಎಲ್ಲರಿಗೂ ಗೊತ್ತು. ಸ್ಟೇರಿಂಗ್ ಭಾರ, ಬ್ರೇಕ್ ಒತ್ತಲು ಕಾಲಿಗೆ ಬಲ ಬೇಕು. ಆದರೆ ಹಳ್ಳದ ರಸ್ತೆಯಲ್ಲಿ ಇಡೀ ಸಂಸಾರವನ್ನು ಕೂರಿಸಿಕೊಂಡು ಹೋಗುವ ತಾಕತ್ತು ಅದಕ್ಕಿತ್ತು. 2013ರಲ್ಲಿ ಬಿಬಿಸಿಯ 'ಟಾಪ್ ಗೇರ್' ಕಾರ್ಯಕ್ರಮ ಇದನ್ನೇ ಜಗತ್ತಿನ ಅತ್ಯುತ್ತಮ ಟ್ಯಾಕ್ಸಿ ಎಂದು ಆರಿಸಿತು. ಮರುವರ್ಷವೇ ಕಾರ್ಖಾನೆಯಲ್ಲಿ ಉತ್ಪಾದನೆ ನಿಂತಿತು!

ಕೆಟ್ಟ ಹೆಸರು ಪಡೆದ ಕಾರಿಗೆ ಮದ್ರಾಸಿನ ಉದಾಹರಣೆ ಸಾಕು. ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನ ಬಾನೆಟ್ಟು ಮಡ್‌ಗಾರ್ಡ್ ಸಮೇತ ಮುಂದಕ್ಕೆ ತೆರೆದುಕೊಳ್ಳುತ್ತಿತ್ತು; ಮೆಕ್ಯಾನಿಕ್‌ಗಳಿಗೆ ಅದು ಅಚ್ಚುಮೆಚ್ಚು. ಅದೇ ಕಂಪನಿ 1985ರಲ್ಲಿ 'ಸ್ಟ್ಯಾಂಡರ್ಡ್ 2000' ತಂದಿತು. ಹೊರಗೆ ಇಂಗ್ಲೆಂಡಿನ ರೋವರ್ ಕಾರಿನ ಸೊಗಸಾದ ಮೈ, ಒಳಗೆ ಹಳೆಯ ಕಾಲದ ಇಂಜಿನ್. ಬೆಲೆ ಹೆಚ್ಚು, ಪೆಟ್ರೋಲು ಕುಡಿಯುವುದೂ ಹೆಚ್ಚು. ಕೆಲವೇ ವರ್ಷಗಳಲ್ಲಿ ಕಾರೂ ಹೋಯಿತು, ಕಂಪನಿಯೂ ಹೋಯಿತು.

ಅಷ್ಟರಲ್ಲಿ ಮಾರುತಿ 800 ಬಂದಿತ್ತು. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಕಾರಿನ ಕೀಲಿ ಕೊಟ್ಟರು. ಗಾಡಿ ಹಗುರ, ಬೆಳಗ್ಗೆ ಕೀಲಿ ತಿರುಗಿಸಿದ ಕೂಡಲೇ ಸ್ಟಾರ್ಟ್. ಓಡಿಸುವುದು ಇಷ್ಟು ಸುಲಭವಾದಾಗ ಎಷ್ಟೋ ಮನೆಗಳಲ್ಲಿ ಗಂಡ ಹೆಂಡತಿ ಇಬ್ಬರೂ ಸ್ಟೇರಿಂಗ್ ಹಿಡಿದರು. ಸಂಬಳದ ಡ್ರೈವರ್ ಬೇಕೆನಿಸಲಿಲ್ಲ. ಮಾಲೀಕರಿಗೆ ಒಳ್ಳೆಯದಾದ ಕಾರು ಡ್ರೈವರ್ ಪಾಲಿಗೆ ಅಷ್ಟು ಒಳ್ಳೆಯದಾಗಲಿಲ್ಲ. ಪುಣೆಯ ಟಾಟಾ ಇಂಡಿಕಾದ್ದು ಇದಕ್ಕೆ ವಿರುದ್ಧ. 1998ರ ಕೊನೆಗೆ ಬಂದ ಮೊದಲ ಇಂಡಿಕಾ ಬಗ್ಗೆ ದೂರುಗಳು ಬಂದವು. ಕಂಪನಿ ತಿದ್ದಿಕೊಂಡು 2001ರಲ್ಲಿ 'ವಿ2' ತಂದಿತು. ಡೀಸೆಲ್ ಉಳಿಸುವ ಗಾಡಿಯೆಂದು ಟ್ಯಾಕ್ಸಿಯವರು ಅದನ್ನು ಕೈಹಿಡಿದರು.

ಮುಂಬಯಿಯ ಪದ್ಮಿನಿ ಸಿಎನ್‌ಜಿ ಕಾಲವನ್ನೂ ಕಂಡಿತು. ಸಿಲಿಂಡರ್ ಡಿಕ್ಕಿಯಲ್ಲಿ ಕುಳಿತಿತು. ಕೊನೆಗೆ 20 ವರ್ಷದ ವಯೋಮಿತಿ ಮುಗಿದು 2023ರ ಅಕ್ಟೋಬರ್ ಕೊನೆಗೆ ಅದು ಟ್ಯಾಕ್ಸಿಯಾಗಿ ರಸ್ತೆ ಬಿಟ್ಟಿತು. ಆ ದಿನಗಳಲ್ಲಿ ಕಣ್ಣೊದ್ದೆ ಮಾಡಿಕೊಂಡ ನಮ್ಮಂಥ ಪ್ರಯಾಣಿಕರು ಒಂದು ವಿಷಯ ಮರೆಯಬಾರದು. ಇಂಜಿನ್ನಿನ ಬಿಸಿ, ದಿನಕ್ಕೆ ಸಾವಿರ ಸಲ ಕ್ಲಚ್ ಒತ್ತಿದ ಮೊಣಕಾಲಿನ ನೋವು, ಎರಡನ್ನೂ ಅನುಭವಿಸಿದವರು ಚಾಲಕರು. ಎ.ಸಿ. ಇರುವ ಹೊಸ ಗಾಡಿ ಅವರಿಗೂ ಬೇಕಾಗಿತ್ತು.

ಆದರೆ ಹೊಸ ಗಾಡಿಯ ಇಂಜಿನ್ನನ್ನು ಕಂಪ್ಯೂಟರ್ ನಡೆಸುತ್ತದೆ. ಒದ್ದೆ ಬಟ್ಟೆಗೆ ಅದು ಜಗ್ಗುವುದಿಲ್ಲ. ಫುಟ್‌ಪಾತಿನ ಮಿಸ್ತ್ರಿ ಕೈಚೆಲ್ಲಿದರೆ ಸರ್ವಿಸ್ ಸೆಂಟರಿಗೆ ಹೋಗಬೇಕು, ಬಿಲ್ ಕಟ್ಟಬೇಕು, ಜೊತೆಗೆ ತಿಂಗಳ ಕಂತು ಬೇರೆ. ಹಾಗಾಗಿ ಇಂದು ಆ್ಯಪ್ ಟ್ಯಾಕ್ಸಿ ಓಡಿಸುವವರಿಗೆ ಈ ಪ್ರಶ್ನೆ ಕೇಳಿದರೆ, ಕಾರಿನ ಗುಣ ಹೇಳುವ ಮೊದಲು ಕಂತು ಎಷ್ಟು ಬಾಕಿ ಇದೆ ಎಂದು ಹೇಳಿದರೂ ಆಶ್ಚರ್ಯವಿಲ್ಲ.

ಮುಂದಿನ ಸಲ ಟ್ಯಾಕ್ಸಿ ಹತ್ತಿದಾಗ ಮುಂದಿನ ಸೀಟಿನವರನ್ನು ಕೇಳಿ ನೋಡಿ. ನಿಮ್ಮ ಮನೆಯಲ್ಲೇ ಹಳೆಯ ಫಿಯೆಟ್, ಅಂಬಾಸಿಡರ್ ಓಡಿಸಿದ ಹಿರಿಯರಿದ್ದರೆ ಅವರನ್ನೂ ಮಾತಿಗೆಳೆಯಿರಿ. ಕೇಳಿದ್ದನ್ನು ನಮಗೆ ಬರೆದು ಕಳಿಸಿ, ಕನ್ನಡ ಕಾರ್ಯಕ್ರಮದಲ್ಲಿ ಓದೋಣ.