ಎಡಗೈ ಬಲ್ಲ ಚರಿತ್ರೆ

ಚಕ್ ಬೆರಿಯ 'ಜಾನಿ ಬಿ. ಗುಡ್' (1958) ಕೇಳಿದವರ ನೆನಪಿನಲ್ಲಿ ಉಳಿಯುವುದು ಗಿಟಾರ್. ಹಾಡಿನ ನಾಯಕನೂ ಗಿಟಾರ್ ನುಡಿಸುವ ಹಳ್ಳಿ ಹುಡುಗನೇ. 1977ರಲ್ಲಿ ವಾಯೇಜರ್ ನೌಕೆಗಳು ಬಾಹ್ಯಾಕಾಶಕ್ಕೆ ಹೊತ್ತೊಯ್ದ ಚಿನ್ನಲೇಪಿತ ತಟ್ಟೆಯಲ್ಲೂ ಈ ಹಾಡಿದೆ. ಹಾಗಾಗಿ ಅದರ ರಿಫ್ ಅನ್ನು, ಅಂದರೆ ಮತ್ತೆ ಮತ್ತೆ ಮರಳುವ ಪುಟ್ಟ ಸ್ವರವಿನ್ಯಾಸವನ್ನು, ಪಿಯಾನೊದಲ್ಲಿ ಕಲಿಯಹೊರಟವರಿಗೆ ಗಿಟಾರಿನ ಸೊತ್ತನ್ನು ಎರವಲು ತಂದಂತೆ ಅನ್ನಿಸಬಹುದು. ಕಲಿಯತೊಡಗಿದ ಮೇಲೆ, ಎರವಲು ಪಡೆದವರು ನಿಜಕ್ಕೂ ಯಾರು ಎಂಬ ಪ್ರಶ್ನೆ ಏಳುತ್ತದೆ.

ಹಾಡು ಬಿ-ಫ್ಲ್ಯಾಟ್ ಶ್ರುತಿಯಲ್ಲಿದೆ. ಎಡಗೈಯ ಕಿರುಬೆರಳು ಬಿ-ಫ್ಲ್ಯಾಟ್‌ನ ಕಪ್ಪು ಮನೆಯ ಮೇಲೆ, ತೋರುಬೆರಳು ಎಫ್ ಮೇಲೆ, ಹೆಬ್ಬೆರಳು ಜಿ ಮೇಲೆ. ಮೊದಲು ಬಿ-ಫ್ಲ್ಯಾಟ್ ಮತ್ತು ಎಫ್ ಒಟ್ಟಿಗೆ ಎರಡು ಬಾರಿ, ಆಮೇಲೆ ಬಿ-ಫ್ಲ್ಯಾಟ್ ಮತ್ತು ಜಿ ಎರಡು ಬಾರಿ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಷಡ್ಜ ಅಲುಗದೆ ನಿಂತಿದೆ; ಅದರ ಮೇಲೆ ಪಂಚಮ ಮತ್ತು ಚತುಶ್ರುತಿ ಧೈವತಗಳು ಸರದಿಯಲ್ಲಿ ಬರುತ್ತವೆ. ಗಿಟಾರ್ ಹಾಡಿಗೆ ಓಟ ಕೊಡುವುದು ಈ ತೂಗಾಟವೇ. ಪಿಯಾನೊದಲ್ಲಿ ಇದಕ್ಕೆ ಅಂಗೈ ಕದಲಿಸಬೇಕಿಲ್ಲ. ಗಿಟಾರಿನ ಆರು ತಂತಿಗಳಲ್ಲಿ ಒಂದನ್ನೂ ಬಿ-ಫ್ಲ್ಯಾಟ್‌ಗೆ ಶ್ರುತಿ ಮಾಡಿರುವುದಿಲ್ಲ. ಷಡ್ಜವನ್ನು ಒತ್ತಿಹಿಡಿದೇ ಧೈವತಕ್ಕೆ ಕಿರುಬೆರಳನ್ನು ಎಳೆದು ಚಾಚಬೇಕು. ವಿನ್ಯಾಸ ಯಾವ ವಾದ್ಯದಲ್ಲಿ ಹುಟ್ಟಿತೆಂಬುದನ್ನು ಕೈಯೇ ಊಹಿಸುತ್ತದೆ.

ಆ ಊಹೆ ಚರಿತ್ರೆಗೆ ಹೊಂದುತ್ತದೆ. ಅಮೆರಿಕದ ದಕ್ಷಿಣದಲ್ಲಿ ಮರ ಕಡಿಯುವವರ ಶಿಬಿರಗಳ ಹೆಂಡದಂಗಡಿಗಳಲ್ಲಿ ಕಪ್ಪು ಜನಾಂಗದ ಪಿಯಾನೊ ವಾದಕರು ಒಬ್ಬರೇ ಕೂತು ಜನರನ್ನು ಕುಣಿಸಬೇಕಿತ್ತು. ಡ್ರಮ್, ಬೇಸ್‌ಗಳ ಕೆಲಸವೆಲ್ಲ ಎಡಗೈಯ ಪಾಲಿಗೆ. ಹೀಗೆ ಬೆಳೆದ ಬೂಗಿ-ವೂಗಿ ಶೈಲಿ 1928ರಲ್ಲಿ ಪೈನ್‌ಟಾಪ್ ಸ್ಮಿತ್ ಮಾಡಿದ ಧ್ವನಿಮುದ್ರಣದಿಂದ ಹೆಸರು ಪಡೆಯಿತು. 1938ರ ಹೊತ್ತಿಗೆ ನ್ಯೂಯಾರ್ಕಿನ ಕಾರ್ನೆಗಿ ಹಾಲ್ ತಲುಪಿತು. ಬೆರಿ ಅದೇ ಎಡಗೈಯ ನಡೆಯನ್ನು ಗಿಟಾರಿಗೆ ತಂದರು. ಹಾಡಿನ ಆರಂಭದ ಪ್ರಸಿದ್ಧ ಗಿಟಾರ್ ತುಣುಕಿಗೂ ಹಿಂದಿನ ಮೂಲವಿದೆ: ಲೂಯಿ ಜೋರ್ಡಾನ್ ತಂಡದ 1946ರ ಹಾಡೊಂದಕ್ಕೆ ಕಾರ್ಲ್ ಹೋಗನ್ ನುಡಿಸಿದ್ದು.

ಬೆರಿ ಈ ಶ್ರುತಿಗಳೊಂದಿಗೆ ಪಳಗಿದ್ದು ಜಾನಿ ಜಾನ್ಸನ್ ಎಂಬ ಪಿಯಾನೊ ವಾದಕರ ಜೊತೆಯಲ್ಲಿ. 1952ರ ಡಿಸೆಂಬರ್ 31ರ ರಾತ್ರಿಯ ಕಾರ್ಯಕ್ರಮಕ್ಕೆ ತಮ್ಮ ತಂಡದಲ್ಲಿ ಒಬ್ಬರು ಕಡಿಮೆಯಾದಾಗ ಬೆರಿಯನ್ನು ಕರೆಸಿಕೊಂಡವರು ಜಾನ್ಸನ್. ಕೆಲವೇ ಕಾಲದಲ್ಲಿ ತಂಡ ಬೆರಿಯದಾಯಿತು, ಜಾನ್ಸನ್ ಪಕ್ಕವಾದ್ಯದವರಾದರು. ಬಿ-ಫ್ಲ್ಯಾಟ್, ಇ-ಫ್ಲ್ಯಾಟ್‌ಗಳು ಪಿಯಾನೊ, ಸ್ಯಾಕ್ಸಫೋನ್‌ಗಳಿಗೆ ಸಲೀಸಾದ ಶ್ರುತಿಗಳು. ಬೆರಿಯ ಹಾಡುಗಳಲ್ಲಿ ಇವು ಇಷ್ಟೊಂದು ಕಾಣುವುದಕ್ಕೆ ಜಾನ್ಸನ್ ಕಾರಣವೆಂದು ಗಿಟಾರ್ ವಾದಕ ಕೀತ್ ರಿಚರ್ಡ್ಸ್ ವಾದಿಸಿದ್ದಾರೆ. 'ಜಾನಿ' ಎಂಬ ಹೆಸರಿಗೂ ಜಾನ್ಸನ್ ಪ್ರೇರಣೆ. ಆದರೆ ಆ ಹಾಡಿನ ಮುದ್ರಣಕ್ಕೆ ಪಿಯಾನೊ ನುಡಿಸಿದವರೆಂದು ಸಾಮಾನ್ಯವಾಗಿ ನಮೂದಾಗಿರುವುದು ಲಫಾಯೆಟ್ ಲೀಕ್ ಹೆಸರು. ತಮ್ಮ ಹೆಸರಿನ ಹಾಡಿನಲ್ಲೂ ಜಾನ್ಸನ್ ಎಲೆಮರೆಯ ಕಾಯಿ.

2000ದಲ್ಲಿ ಅವರು 50ಕ್ಕೂ ಹೆಚ್ಚು ಹಾಡುಗಳ ರಚನೆಯಲ್ಲಿ ತಮಗೂ ಪಾಲಿದೆಯೆಂದು ಬೆರಿ ವಿರುದ್ಧ ದಾವೆ ಹೂಡಿದರು. ಬಹಳ ವರ್ಷ ಕಳೆದುಹೋಗಿವೆ ಎಂಬ ಕಾರಣಕ್ಕೆ 2002ರಲ್ಲಿ ನ್ಯಾಯಾಲಯ ಅದನ್ನು ವಜಾಗೊಳಿಸಿತು. ರಚನೆಯಲ್ಲಿ ಯಾರ ಪಾಲೆಷ್ಟು ಎಂಬುದು ಹಾಗೇ ಉಳಿಯಿತು. ನಡುವೆ 2001ರಲ್ಲಿ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್ ಅವರನ್ನು ಗೌರವಿಸಿತು, ಅದೂ ಪಕ್ಕವಾದ್ಯದವರ ಸಾಲಿನಲ್ಲಿ. 2005ರಲ್ಲಿ ಅವರು ತೀರಿಕೊಂಡರು.

ಒಬ್ಬರು ಪದ ಕಟ್ಟುತ್ತಾರೆ, ಇನ್ನೊಬ್ಬರು ತಾಲೀಮಿನಲ್ಲಿ ನಡೆ, ಶ್ರುತಿ ಹೊಂದಿಸುತ್ತಾರೆ. ಕಾಗದದಲ್ಲಿ ಉಳಿಯುವುದು ಮೊದಲನೆಯವರ ಸಹಿ. ಚರಿತ್ರೆ ಬರೆಯುವವರಿಗೂ ಕಾಗದವೇ ಆಧಾರವಾದ್ದರಿಂದ ಆ ಅಸಮತೆ ನಮ್ಮ ಪುಸ್ತಕಗಳಲ್ಲೂ ಮುಂದುವರಿಯುತ್ತದೆ. ಪಿಯಾನೊದಲ್ಲಿ ಈ ರಿಫ್ ಕಲಿಯುವುದರಿಂದ ಯಾರ ಹಕ್ಕೂ ಸಾಬೀತಾಗದು, ನಿಜ. ಆದರೆ ಬಲಗೈ ಸುಮ್ಮನಿರಿಸಿ ಎಡಗೈಯೊಂದನ್ನೇ ನುಡಿಸಿದರೆ, ಹಾಡನ್ನು ಇಷ್ಟು ಕಾಲ ಹೊತ್ತು ನಡೆಸಿದ್ದು ಯಾವ ಕೈಗಳ ದುಡಿಮೆ ಎಂಬುದು ಸ್ಪಷ್ಟವಾಗಿ ಕೇಳಿಸುತ್ತದೆ.